ಪಾಲಪ್ಪನ ಕೂಗು

ಜನವರಿ ೮, ೧೯೪೩, ಶುಕ್ರವಾರ. ಹುಲಿಕುಂಟೆ

ನನ್ನ ತಮ್ಮ ಪಾಲಪ್ಪ ಸತ್ತದ್ದಕ್ಕೆ ಈವತ್ತಿನವರೆಗೆ ತಗುಲಿದ್ದು: ಅಕ್ಕಿ ಎರಡು ಕೊಳಗ. ಬಿಳಿ ಬಟ್ಟೆ ಐದು ಗಜ, ಅದೂ ಯುದ್ಧದ ದರದಲ್ಲಿ; ಹೆಣಕ್ಕೆ ಅಂದರೂ ಶಿರಾದ ಅಂಗಡಿಯವನು ಕಾಸು ಬಿಡಲಿಲ್ಲ. ತಮಟೆಯವರಿಗೆ ಹೆಂಡ. ಗುಂಡಿ ತೋಡಿದವರಿಗೆ ಒಂದು ಹೋತ. ಮಧುಗಿರಿಯಿಂದ ಇದ್ದಿಲು ಬಸ್ಸು, ಅದು ಕೆಟ್ಟು ನಿಂತ ಮೇಲೆ ಎತ್ತಿನ ಗಾಡಿ. ಮತ್ತು ನನ್ನ ಒಂದು ಸಂತೆ. ಹರಾಜು ಕೂಗುವವನು ಒಂದು ವಾರ ಬಾಯಿ ಮುಚ್ಚಿದರೆ ಅದು ಬರೀ ಒಂದು ವಾರದ ನಷ್ಟವಲ್ಲ.

ಇಷ್ಟೆಲ್ಲ ಒಂದು ಮರಿಯ ದೆಸೆಯಿಂದ. ಈ ಚಳಿಯಲ್ಲಿ ಬಾವಿಗೆ ಬಿದ್ದ ಕುರಿಮರಿಯನ್ನು ಎತ್ತಲು ಇಳಿದ. ಮರಿ ಬದುಕಿತು. ಅವನಿಗೆ ಪಕ್ಕೆನೋವು, ಜ್ವರ, ಮಂಗಳವಾರ ಮುಗಿಯಿತು. ಒಂದು ಮರಿಗೆ ಒಂದು ಆಳು. ಮೂವತ್ತು ವರ್ಷದಿಂದ ಹರಾಜು ಕೂಗುತ್ತಿದ್ದೇನೆ, ಇಷ್ಟು ಕೆಟ್ಟ ವ್ಯಾಪಾರ ಕಂಡಿಲ್ಲ.

ಉಳಿಸಿಹೋದದ್ದು: ಹೆಂಡತಿ ಮುದ್ದಕ್ಕ. ಎಂಟು ವರ್ಷದ ಮಗಳು ಕದರಮ್ಮ. ಕಣ್ಣಿಗೆ ಪೊರೆ ಬಂದಿರುವ ನಮ್ಮವ್ವ ಬೊಮ್ಮಕ್ಕ. ಎಂಬತ್ತನಾಲ್ಕು ಕುರಿ. ಮೊದಲ ಮೂರಕ್ಕೆ ಸಂತೆಯಲ್ಲಿ ಬೆಲೆಯಿಲ್ಲ. ಕೊನೆಯದಕ್ಕೆ ಈಗ ಬಂಗಾರದ ಬೆಲೆ. ಬೆಂಗಳೂರು ದಂಡಿನಲ್ಲಿ ಸೋಲ್ಜರುಗಳು ತುಂಬಿದ್ದಾರೆ, ಶಿರಾದ ಕಂಟ್ರಾಕ್ಟರ್ ದೊಡ್ಡರಂಗಪ್ಪ ತುಮಕೂರಿನಿಂದ ರೈಲುಗಟ್ಟಲೆ ಕುರಿ ಕಳಿಸುತ್ತಿದ್ದಾನೆ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕಾಗ "ಎಲ್ಲಾದ್ರೂ ಮಂದೆ ಇದ್ರೆ ಹೇಳಯ್ಯಾ ಪೆದ್ದಣ್ಣ, ನಿನ್ನ ಕೈ ಬೆಚ್ಚಗೆ ಮಾಡ್ತೀನಿ" ಅಂದಿದ್ದ.

ಆಗ ಪಾಲಪ್ಪ ಬದುಕಿದ್ದ. ಸುಮ್ಮನಿದ್ದೆ.

ಜನವರಿ ೧೦, ಭಾನುವಾರ

ಹಟ್ಟಿ ಯಜಮಾನ ಬೋರಯ್ಯನ ಹತ್ತಿರ ಮಂದೆಯ ಮಾತೆತ್ತಿದೆ. ಕಾಗದಪತ್ರ ಏನಾದರೂ ಇದೆಯೇ ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟ.

"ಕುರಿಗೆಂತಾ ಕಾಗದ ಕಣ್ಲಾ? ತಿಂದಾಕ್ತವೆ. ತಿಂಗಳಿಗೆ ಮಂದೆ ಒಪ್ಪಿಸ್ತೀವಿ. ಸತ್ತೋನ ಕಂಬಳೀನ ಕುರಿ ಕೂಡೋ ರೊಪ್ಪದ ಬಾಯಿಗೆ ಅಡ್ಡ ಹಾಸೋದು. ಮನೆಯೋರು ಒಬ್ಬೊಬ್ರಾಗಿ ಕೂಗೋದು, ಒಬ್ರಿಗೆ ಒಂದೇ ಸಲ. ಯಾರ ಕೂಗಿಗೆ ಮುಂದಾಳು ಕುರಿ ಕಂಬಳಿ ದಾಟ್ತದೋ ಮಂದೆ ಅವರ್ದು. ನಮ್ಮಪ್ಪ ಸತ್ತಾಗ ನಾನೂ ಅಂಗೇ ದಾಟಿಸ್ಕಂಡೋನು."

"ಮನೆಯೋರು ಅಂದ್ರೆ ನಾನೂನಾ ಬೋರಣ್ಣ?"

"ಒಡಹುಟ್ಟಿದೋನಲ್ವೇನ್ಲಾ ನೀನು? ನಿಂತ್ಕ, ಯಾರು ಬ್ಯಾಡ ಅಂದ್ರು? ಆದ್ರೆ ನಿನ್ನ ಕೂಗಿಗೆ ಕುರಿ ಬರಲ್ಲ, ಕಡ್ಲೆಕಾಯಿ ಮೂಟೆ ಬರ್ತವೆ!"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವುದಕ್ಕೆ ಖರ್ಚಿಲ್ಲ.

ಸಂಜೆ ಮುದ್ದಕ್ಕ ಮಾತಾಡಿದಳು. ನಮ್ಮಲ್ಲಿ ತಮ್ಮನ ಹೆಂಡತಿ ಬಾವನ ಎದುರಿಗೆ ನಿಲ್ಲುವುದಿಲ್ಲ, ಬಾಗಿಲ ಮರೆಯಿಂದಲೇ ಮಾತು. "ಬಾವ, ಮಂದೆ ನನ್ನ ಕೂಗಿಗೆ ದಾಟಿದ್ರೆ ನಾನು, ಕದ್ರಿ, ಅತ್ತೆ ಮೂರು ಜನ ಯಾರ ಬಾಗ್ಲಿಗೂ ಹೋಗಲ್ಲ. ದಾಟದೇ ಹೋದ್ರೆ ಮಾರನೇ ದಿನಕ್ಕೇ ಕಂಡೋರ ಕೊಟ್ಟಿಗೆ ಬಾಚ್ಬೇಕು. ಈ ತಿಂಗ್ಳೊಂದು ನೀವಿಲ್ಲೇ ಇದ್ರೆ ಧೈರ್ಯ."

"ಇರ್ತೀನಿ ಬುಡಮ್ಮ. ನನಗೆ ಕುರಿ ಕಾಯೋಕೆ ಬರಲ್ಲ, ಜೊತೆಗಂತೂ ಇರ್ತೀನಿ" ಅಂದೆ.

ಸುಳ್ಳಲ್ಲ. ಕಾಯೋಕೆ ಬರಲ್ಲ. ಮಾರೋಕೆ ಬರ್ತದಾ ಅಂತ ಅವಳು ಕೇಳಲಿಲ್ಲ.

ಜನವರಿ ೧೫, ಶುಕ್ರವಾರ

ಹನ್ನೊಂದನೇ ದಿನ. ಎಡೆಗೆ ಅವನಿಗೆ ಇಷ್ಟವಾದದ್ದು ಏನಿಡಬೇಕು ಅಂತ ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಕದರಮ್ಮ ಓಡಿಹೋಗಿ ಒಂದು ಬೊಗಸೆ ಎಲಚಿ ಹಣ್ಣು ಕಿತ್ತು ತಂದಳು.

ಊಟಕ್ಕೆ ನಲವತ್ತು ಜನ ಅಂದುಕೊಂಡಿದ್ದೆ. ಅರವತ್ತು ದಾಟಿತು. ಎಲ್ಲರ ಹೊಲದಲ್ಲೂ ಅವನು ಮಂದೆ ತರುಬಿದ್ದನಂತೆ. ಗೊಬ್ಬರದ ಋಣವನ್ನು ನನ್ನ ಅಕ್ಕಿಯಲ್ಲಿ ತೀರಿಸಿಕೊಂಡು ಹೋದರು.

ಜನವರಿ ೧೮, ಸೋಮವಾರ

ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ರೊಪ್ಪದ ಬಾಯಲ್ಲಿ ನಿಂತು ಕೂಗಿದೆ. ಸಂತೆ ಮೈದಾನದಲ್ಲಿ ಕೂಗಿದರೆ ಮಧುಗಿರಿ ಬೆಟ್ಟದ ಬುಡಕ್ಕೆ ಬಡಿದು ವಾಪಸು ಬರುವ ಗಂಟಲು ನನ್ನದು. ಎಂಬತ್ತನಾಲ್ಕು ತಲೆ ಒಟ್ಟಿಗೆ ನನ್ನ ಕಡೆ ತಿರುಗಿದವು. ನೋಡಿ, ಮತ್ತೆ ಮೆಲುಕಿಗೆ ಹೋದವು. ದುಡ್ಡಿಲ್ಲದ ಗಿರಾಕಿಯೂ ನನ್ನನ್ನು ಇಷ್ಟು ಹಗುರವಾಗಿ ನೋಡಿದ್ದಿಲ್ಲ.

ಮಂದೆಗೆ ಮುಂದಾಳು ಒಂದು ಕೆಂಪು ಕುರಿ. ಕೆಂದಿ ಅಂತ ಕರೆಯುತ್ತಾರೆ. ಅದು ಎದ್ದರೆ ಉಳಿದವು ಏಳುತ್ತವೆ, ಅದು ನಿಂತರೆ ನಿಲ್ಲುತ್ತವೆ. ಮುದ್ದಕ್ಕ ಸದ್ಯಕ್ಕೆ ಅದರ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಮೇಯಿಸಲು ಹೋಗುತ್ತಾಳೆ. ಒಪ್ಪಿಸುವ ದಿನ ಹಗ್ಗ ಇಲ್ಲ.

ಲೆಕ್ಕ ಸುಲಭ. ಕೆಂದಿ ಒಂದು ಬಂದರೆ ಸಾಕು. ಅದಕ್ಕೆ ಬೇಕಾದದ್ದು ನನ್ನ ಗಂಟಲಲ್ಲ, ಪಾಲಪ್ಪನದು. ಸತ್ತವನ ಗಂಟಲು ಎಲ್ಲಿ ಸಿಗುತ್ತದೆ? ಬದುಕಿರುವವರ ಕಿವಿಯಲ್ಲಿ. ಕೇಳಿ ತೆಗೆದುಕೊಳ್ಳಬೇಕು.

ಜನವರಿ ೨೧, ಗುರುವಾರ

ಜಗಲಿಯ ಮೇಲೆ ಕುಳಿತು, "ನನ್ನ ತಮ್ಮನ ವಿಷಯ ನನಗೇ ಗೊತ್ತಿಲ್ಲವಲ್ಲಮ್ಮ, ಹೇಳು" ಅಂದೆ. ಬಾಗಿಲ ಮರೆಯಿಂದ ಶುರುವಾಯಿತು. ಕಟ್ಟೆ ಒಡೆದ ಹಾಗೆ.

"ಅವ್ರಾ? ಬೆಳ್ಳಿ ಮೂಡೋಕ್ಮುಂಚೆ ಏಳೋರು ಬಾವ. ನಾನು ಕಣ್ಣು ಬುಡೋ ಹೊತ್ಗೆ ಕಸ ಹೊಡ್ದು ನೀರು ತಂದಿಟ್ಟಿರೋರು, ಹೆಣ್ಣಾಳು ಕೆಲಸ ಅಂತ ಹಟ್ಟೀಲಿ ನಗಾಡೋರು. ಮಳೆ ಬಂತು ಒಳಕ್ಕೆ ಬನ್ನಿ ಅಂದ್ರೆ, 'ನಿನ್ನ ಸೂರೂ ಸೋರ್ತದೆ, ಆಕಾಶನೂ ಸೋರ್ತದೆ, ಆಕಾಶ ದೊಡ್ದಾಗೈತೆ ಬುಡೇ' ಅನ್ನೋರು." ನಕ್ಕಳು. "ಕದ್ರಿ ಹುಟ್ಟಿದ ದಿನ ಹೆಣ್ಣು ಅಂತ ಯಾರೂ ಎತ್ಕಳ್ಳಿಲ್ಲ. ಅವ್ರು ಕಂಬಳಿ ಕೊಪ್ಪೇಲಿ ಇಟ್ಕಂಡು ಮಂದೇಗೆಲ್ಲ ತೋರ್ಸ್ಕಂಡು ಬಂದ್ರು, ಒಂದೊಂದು ಕುರೀಗೂ."

ನಗು ನಿಂತು ಅಳು ಬಂತು. ಅದು ಮುಗಿಯಲು ಕಾದೆ.

"ಕುರಿ ಕೂಗೋದು ಹೆಂಗಿತ್ತಮ್ಮಾ ಅವನದು? ಚಿಕ್ಕಂದಿನಲ್ಲಿ ಕೇಳಿದ್ದು, ಮರೆತೋಗೈತೆ."

ಮೂರು ಕೂಗಂತೆ. ಬೆಳಿಗ್ಗೆ ಎಬ್ಬಿಸುವುದು, ನೀರಿಗೆ ಕರೆಯುವುದು, ಮತ್ತು ಸಂಜೆ ಕೆರೆ ಏರಿಯ ಮೇಲಿಂದ ಒಂದು. ಆ ಮೂರನೆಯದು ಕುರಿಗಲ್ಲ, ಅವಳಿಗೆ: ಅದು ಕೇಳಿದರೆ ಮುದ್ದೆಗೆ ಎಸರಿಡುತ್ತಿದ್ದಳು. ಅವನು ಬಾಗಿಲಿಗೆ ಬರುವುದಕ್ಕೂ ಮುದ್ದೆ ಇಳಿಸುವುದಕ್ಕೂ ಸರಿಹೋಗುತ್ತಿತ್ತು.

ಬೆಳಗಿನದನ್ನು ಕೂಗಿ ತೋರಿಸಿದಳು. "ಟುರ್ರ್... ಹೋಹೋ... ಬಾ ತಾಯೀ." ಕೊನೆಯ ಅಕ್ಷರ ಮೇಲಕ್ಕೆ ಹೋಗುವುದಿಲ್ಲ, ಇಳಿಯುತ್ತದೆ. ನಾನು ಏರಿಸುತ್ತಿದ್ದೆ, ಸಂತೆಯ ಅಭ್ಯಾಸ.

"ಬಾವಂಗೆ ತಮ್ಮನ ಮ್ಯಾಲೆ ಇಷ್ಟು ಪ್ರೀತಿ ಅಂತ ಗೊತ್ತಿರ್ನಿಲ್ಲ" ಅಂದಳು.

ಜನವರಿ ೨೫, ಸೋಮವಾರ

ಮಂದೆಯ ಹಿಂದೆ ನಾಲ್ಕನೇ ದಿನ. ಕಾಲಲ್ಲಿ ಬೊಬ್ಬೆ. ವೆಂಕಟರಾಮಯ್ಯ ಅನ್ನುವ ರೈತನ ಹೊಲದಲ್ಲಿ ಈಗ ಮಂದೆ ತರುಬಿದ್ದೇವೆ. ಕಡಲೆಕಾಯಿ ಕಿತ್ತ ಹೊಲ, ಕೆಂಪು ಮಣ್ಣು, ರಾತ್ರಿಯಿಡೀ ಕುರಿ ಮಲಗಿ ಎದ್ದರೆ ಬರುವ ಮುಂಗಾರಿಗೆ ಗೊಬ್ಬರ.

ವೆಂಕಟರಾಮಯ್ಯ ಪಾಲಪ್ಪನ ಮಾತು ತೆಗೆದರೆ ನಿಲ್ಲಿಸುವವನಲ್ಲ. "ಒಂದು ದಿನ ಕೂಲಿಗೆ ಅಂತ ಹೆಚ್ಚು ರಾಗಿ ಅಳೆದ್ಬುಟ್ಟೆ. ಅರ್ಧ ದಾರಿಯಿಂದ ವಾಪಸು ಹೊತ್ಕಂಡು ಬಂದ ಕಣಪ್ಪ ಪುಣ್ಯಾತ್ಮ."

"ದಡ್ಡ" ಅಂದೆ.

"ದಡ್ಡನೇ. ಅಂಥ ದಡ್ಡರು ಊರಿಗೊಬ್ರು ಇರ್ಬೇಕು ಕಣಪ್ಪ, ಇಲ್ದಿದ್ರೆ ನನ್ನಂಥೋರು ಬಾಳಾದು ಹೆಂಗೆ?"

ಕೆಲಸಕ್ಕೆ ಬಂದದ್ದು ಇನ್ನೊಂದು ಮಾತು. ಪಾಲಪ್ಪ ಕೂಗುವ ಮುಂಚೆ ಎರಡು ಸಲ ಸಣ್ಣಗೆ ಕೆಮ್ಮುತ್ತಿದ್ದನಂತೆ. ಆ ಕೆಮ್ಮಿಗೇ ಕುರಿ ಕಿವಿ ನೆಟ್ಟಗೆ ಮಾಡುತ್ತಿದ್ದವಂತೆ. ಕೆಮ್ಮಿ ತೋರಿಸಿದ. ಕಲಿತೆ.

ಹಟ್ಟಿಗೆ ವಾಪಸು ನಡೆಯುವುದು ದಂಡ ಅನ್ನಿಸಿ ಹೊಲದಲ್ಲೇ ಮಲಗಿದೆ. ಕುರಿಗಳ ಮಧ್ಯೆ ಚಳಿ ಅಷ್ಟು ತಾಗುವುದಿಲ್ಲ. ಕೆಂದಿ ಬಲಗಡೆ ಮಲಗುತ್ತದೆ. ಕುಂಟಿ ಅನ್ನುವ ಇನ್ನೊಂದಕ್ಕೆ ಮುಂಗಾಲು ಸರಿಯಿಲ್ಲ, ಆದರೆ ಎಲ್ಲರಿಗಿಂತ ಮೊದಲು ನೀರಿನ ವಾಸನೆ ಅದಕ್ಕೇ ಗೊತ್ತಾಗುವುದು. ಮೂಡಣಕ್ಕೆ ಸ್ವಲ್ಪ ಮೋಡ ಇತ್ತು, ಬೆಳಗಿನ ಜಾವಕ್ಕೆ ಹರಿಯಿತು.

ಜನವರಿ ೨೮, ಗುರುವಾರ

ಸಂಜೆ ಏರಿಯ ಮೇಲೆ ನಿಂತು ಮೂರನೆಯ ಕೂಗು ಹಾಕಿ ನೋಡಿದೆ. ಗಂಟಲು ಎಷ್ಟು ಹತ್ತಿರ ಬಂದಿದೆ ಅಂತ ಪರೀಕ್ಷೆ ಮಾಡುವುದಕ್ಕೆ ಅದೇ ಸರಿಯಾದ ತಕ್ಕಡಿ.

ಮನೆಗೆ ಬಂದರೆ ಒಲೆ ಉರಿಯುತ್ತಿದೆ, ಅದರ ಮೇಲೆ ಎಸರು ಕುದಿಯುತ್ತಿದೆ. ಮುದ್ದಕ್ಕ ಮುದ್ದೆ ಕೋಲು ಹಿಡಿದು ಒಲೆಯ ಮುಂದೆ ಕುಳಿತಿದ್ದಳು. ನನ್ನ ಹೆಜ್ಜೆ ಕೇಳಿ ಎದ್ದು, ನನ್ನನ್ನು ಕಂಡು, ಕೋಲನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಹಿಟ್ಟು ಹಾಕಿರಲಿಲ್ಲ. ಎಸರು ಕುದಿದು ಕುದಿದು ಬತ್ತಿತು. ಯಾರೂ ಇಳಿಸಲಿಲ್ಲ.

ಕೂಗು ಕೂಡಿಬಂದಿದೆ. ಸಂತೋಷ.

ಜನವರಿ ೩೧, ಭಾನುವಾರ

ಸಂತೋಷ ಏನೂ ಇಲ್ಲ. ಕೆಮ್ಮಿ, ಕೂಗಿ, ದನಿ ಇಳಿಸಿ, ಎಲ್ಲ ಮಾಡಿದರೂ ಕೆಂದಿ ಎದ್ದು ನಿಲ್ಲುತ್ತದೆಯೇ ಹೊರತು ಹೆಜ್ಜೆ ಇಡುವುದಿಲ್ಲ. ಐದೇ ದಿನ ಉಳಿದಿದೆ.

ಮತ್ತೆ ಬಾಗಿಲಿಗೆ ಹೋದೆ. "ಕೆಂದಿ ನಿನ್ನ ಹಿಂದೇನೂ ಹಗ್ಗ ಇಲ್ಲದೆ ಬರ್ತಿಲ್ಲವಲ್ಲಮ್ಮ. ಏನೋ ತಪ್ತಾ ಐತೆ. ಅವನು ಬೇರೆ ಏನಾದ್ರೂ ಮಾಡ್ತಿದ್ನಾ, ಯೋಚ್ನೆ ಮಾಡು." ಅವಳ ಸಲುವಾಗಿ ಕೇಳುತ್ತಿದ್ದೇನೆ ಅಂತ ಅವಳ ನಂಬಿಕೆ. ನಂಬಿಕೆಗೆ ನಾನು ಅಡ್ಡ ಬರಲಿಲ್ಲ.

ನೆನಪು ಮಾಡಿಕೊಂಡು ಅಂದಳು: "ಅವ್ರು ಕುರಿ ಮಖ ನೋಡ್ಕಂಡು ಕೂಗ್ತಿರ್ನಿಲ್ಲ ಬಾವ. ಬೆನ್ನು ಮಾಡಿ ಕೂಗಿ, ನಡ್ದುಬುಡೋರು. ತಿರುಗಿ ನೋಡ್ತಿರ್ನಿಲ್ಲ. ಒಂದ್ಸಲ ಕೇಳ್ದೆ, ಬಂದ್ವೋ ಇಲ್ವೋ ಅಂತ ನೋಡಲ್ವಾ ಅಂತ. 'ಎದುರಿಗೆ ನಿಂತು ಕರೆಯೋನು ಕೊಳ್ಳೋಕೆ ಬಂದೋನು. ಮನೆಯೋನು ಮುಂದೆ ಹೋಗ್ತಾ ಇರ್ತಾನೆ, ಅಷ್ಟೇ' ಅಂದ್ರು."

ಸಂಜೆ ಬಯಲಲ್ಲಿ ಹಾಗೇ ಮಾಡಿದೆ. ಕಂಬಳಿ ಹೊದ್ದು, ಬೆನ್ನು ಮಾಡಿ, ಕೂಗಿ, ನಡೆದೆ. ಎಲಚಿ ಗಿಡದವರೆಗೆ ಹೋಗುವಷ್ಟರಲ್ಲಿ ಅಂಗೈಗೆ ಹಸಿ ಮೂಗು ತಾಗಿತು. ಕೆಂದಿ.

ಕೈ ಒರೆಸಿಕೊಳ್ಳಲು ಮರೆತು ಹಾಗೇ ಬಂದಿದ್ದೇನೆ.

ಫೆಬ್ರವರಿ ೨, ಮಂಗಳವಾರ

ಅವ್ವನ ಹತ್ತಿರ ಕುಳಿತಿದ್ದೆ. ಬಾಯಲ್ಲಿ ತಾನಾಗಿಯೇ ಆ ಕೂಗು ಬಂತು, ಸಣ್ಣಗೆ.

"ಪಾಲ ಅಂದ್ಕಂಡ್ಯಾ ಅವ್ವ?" ಅಂದೆ.

"ನನ್ನ ಕಣ್ಣಿಗೆ ಪೊರೆ ಬಂದೈತೆ, ಬುದ್ಧಿಗಲ್ಲ ಕಣ್ಲಾ. ನೀನು ಪೆದ್ದ ಅಂತ ಗೊತ್ತು." ಹುಡುಕಿ ನನ್ನ ಮೊಣಕೈ ಹಿಡಿದುಕೊಂಡಳು. "ಏನಕ್ಕೆ ಕಲೀತಿದ್ದೀಯ ಅಂತಾನೂ ಗೊತ್ತು. ನೀನು ಹುಟ್ಟಿದಾಗ್ಲಿಂದ ನೋಡಿವ್ನಿ."

"ಮುದ್ದಕ್ಕಂಗೆ ಹೇಳ್ತೀಯಾ?"

"ಹೇಳಲ್ಲ." ಮೊಣಕೈ ಬಿಡಲಿಲ್ಲ. "ಇನ್ನೊಂದ್ಸಲ ಕೂಗು."

ಕೂಗಿದೆ. ಇನ್ನೊಂದು ಸಲ ಅಂದಳು. ಅವಳ ಬಾಯಿ ಮುಚ್ಚಿಸುವ ದರ ಇಷ್ಟು ಅಗ್ಗ ಅಂತ ಗೊತ್ತಿರಲಿಲ್ಲ.

ಫೆಬ್ರವರಿ ೫, ಶುಕ್ರವಾರ

ಹಟ್ಟಿಯೆಲ್ಲ ಸೇರಿತ್ತು. ಬೋರಯ್ಯ ರೊಪ್ಪದ ಬೇಲಿ ಸರಿಸಿ, ಬಾಯಿಗೆ ಅಡ್ಡವಾಗಿ ಪಾಲಪ್ಪನ ಕಂಬಳಿ ಹಾಸಿದ. ಕೆಂದಿಯ ಕೊರಳ ಹಗ್ಗ ಬಿಚ್ಚಿದ.

"ಮೊದ್ಲು ಹೆಂಡ್ರು."

ಮುದ್ದಕ್ಕ ಬಂದಳು. ಸೆರಗು ಹಿಡಿದಿದ್ದ ಕದರಮ್ಮನ ಕೈ ಬಿಡಿಸಿದಳು. ಬೆನ್ನು ಮಾಡಿದಳು. ಕೂಗಿದಳು. ಒಳ್ಳೆಯ ಕೂಗು; ದನಿ ಹೆಂಗಸಿನದು, ಇಳಿತ ಅವನದು. ನಡೆದಳು. ಕೆಂದಿ ಎದ್ದಿತು, ಕಂಬಳಿಯ ಅಂಚಿಗೆ ಬಂದು ಮೂಸಿತು, ಮುಂಗಾಲು ಎತ್ತಿತು.

ನಾಲ್ಕು ಹೆಜ್ಜೆ ಹೋಗಿದ್ದಳು. ತಿರುಗಿ ನೋಡಿಬಿಟ್ಟಳು.

ಕೆಂದಿ ಕಾಲು ಹಿಂದಕ್ಕಿಟ್ಟಿತು. "ಬಾರೇ, ಬಾರೇ ನಮ್ಮವ್ವ" ಅಂತ ಮುದ್ದಕ್ಕ ಎದುರಿಗೇ ನಿಂತು ಕೈಮುಗಿದು ಕರೆದಳು. ಎದುರಿಗೆ ನಿಂತು ಕರೆದರೆ ಅದು ಯಾಕೆ ಬರುತ್ತದೆ? ಇರುವುದೆಲ್ಲ ಬೆನ್ನ ಹಿಂದೆಯೇ ಇರುವವರಿಗೆ ತಿರುಗಿ ನೋಡದೆ ನಡೆಯುವುದು ಆಗುವುದಿಲ್ಲ. ಅದು ಪಾಲಪ್ಪನಂಥ ದಡ್ಡನಿಗೆ ಆಗುತ್ತದೆ, ಇಲ್ಲವೇ ನನಗೆ.

"ಮುಗೀತು ತಾಯಿ, ಒಂದೇ ಸಲ" ಅಂದ ಬೋರಯ್ಯ. ಶಾಸ್ತ್ರಕ್ಕೆ ಕೇಳಿದ: "ಮನೆಯೋರು ಇನ್ಯಾರಾದ್ರೂ?"

ನಾನು ಹೆಗಲ ಮೇಲಿನ ಟವಲು ತೆಗೆದು ಮುಂದೆ ಬಂದೆ. ಯಾರೋ ನಕ್ಕರು, "ಕೂಗಪ್ಪಾ, ಒಂದ್ಸಾರಿ ಎರಡ್ಸಾರಿ" ಅಂದರು. ಎರಡು ಸಲ ಸಣ್ಣಗೆ ಕೆಮ್ಮಿದೆ. ನಗು ನಿಂತಿತು.

ಬೆನ್ನು ಮಾಡಿದೆ. "ಟುರ್ರ್... ಹೋಹೋ... ಬಾ ತಾಯೀ." ನಡೆದೆ. ಹಿಂದೆ ಮೊದಲು ಏನೂ ಇಲ್ಲ. ಆಮೇಲೆ ಒಂದು ಗೊರಸು. ಆಮೇಲೆ ಹತ್ತು. ಆಮೇಲೆ ಒಣ ನೆಲಕ್ಕೆ ಮಳೆ ಬಿದ್ದ ಹಾಗೆ. ಯಾರೋ ಹೆಂಗಸು "ಅಯ್ಯೋ, ಪಾಲಪ್ಪ!" ಅಂತ ಕಿರುಚಿದಳು.

ಕೆರೆಯವರೆಗೂ ನಡೆದೆ. ಬೇಕಿರಲಿಲ್ಲ.

ಫೆಬ್ರವರಿ ೬, ಶನಿವಾರ

ಮುದ್ದಕ್ಕ ಬಾಗಿಲ ಮರೆಯಿಂದ ಈಚೆ ಬಂದು ನನ್ನ ಎದುರಿಗೇ ನಿಂತಳು. ಸೆರಗು ತಲೆಯ ಮೇಲಿರಲಿಲ್ಲ. ಮದುವೆಯಾದ ಹನ್ನೆರಡು ವರ್ಷಕ್ಕೆ ಅವಳ ಮುಖ ಸರಿಯಾಗಿ ನೋಡಿದ್ದು ಈವತ್ತು.

"ಬಾವ, ನಾನು ಅಳ್ತಾ ಹೇಳ್ತಿದ್ನಲ್ಲ, ಆಗ ನೀವು ಕಲೀತಾ ಇದ್ರಾ?"

"ಕೇಳಿಸ್ಕಂತಿದ್ದೆ."

"ಮಾರ್ತೀರಾ?"

"ಯುದ್ಧ ನಿಂತ್ರೆ ಈ ದರ ಸಿಕ್ಕಲ್ಲ ಕಣಮ್ಮ. ನಿನಗೂ ಒಂದು ಭಾಗ..."

"ನಿಮ್ಮ ಭಾಗ ಬ್ಯಾಡ. ಒಂದು ಕೆಲ್ಸ ಮಾಡಿ. ಕುರಿ ಕೂಗು ಏನಾರ ಮಾಡ್ಕಳಿ. ಏರಿ ಮೇಲಿಂದ ಕೂಗೋದು ಮಾತ್ರ ಇನ್ನು ಕೂಗ್ಬ್ಯಾಡಿ. ಅದು ನಂದು."

ಒಪ್ಪಿದೆ. ಅದಕ್ಕೆ ಬೇರೆ ಗಿರಾಕಿ ಇಲ್ಲ.

ಫೆಬ್ರವರಿ ೮, ಸೋಮವಾ‌ರ. ಶಿರಾ

ದಾರಿಗೆ ಎರಡು ದಿನ ಹಿಡಿಯಿತು. ನೇರ ಬಂದಿದ್ದರೆ ನಿನ್ನೆ ರಾತ್ರಿಯೇ ಮುಟ್ಟುತ್ತಿದ್ದೆ. ಕುಂಟಿಗೆ ನಡೆಯಲಾಗಲಿಲ್ಲ, ಒಂದು ಮೈಲಿ ಹೊತ್ತುಕೊಂಡೆ. ತೂಕ ಇಳಿದರೆ ದರ ಇಳಿಯುತ್ತದೆ. ಮಧ್ಯಾಹ್ನ ಒಂದು ಕಟ್ಟೆಯಲ್ಲಿ ನೀರು ಕುಡಿಸಿ, ಹುಣಸೆ ನೆರಳಲ್ಲಿ ಬಿಟ್ಟೆ. ಅಲ್ಲಿ ಜೊಂಡು ಚೆನ್ನಾಗಿತ್ತು. ಗಾಳಿ ಪಡುವಣದ್ದು. ಏಳಬೇಕು ಅನ್ನಿಸಲಿಲ್ಲ.

ದೊಡ್ಡರಂಗಪ್ಪನ ಅಂಗಳಕ್ಕೆ ಎತ್ತರದ ಗೋಡೆ, ಒಂದು ದೊಡ್ಡ ಗೇಟು, ಹಿಂದೆ ಆಳು ನುಸುಳುವಷ್ಟು ಸಂದಿ. ಒಳಗಿನ ವಾಸನೆಗೆ ಬೇರೆ ಮಂದೆಗಳು ಬೀದಿಯಲ್ಲೇ ಬೆದರಿ ಚೆಲ್ಲಾಪಿಲ್ಲಿಯಾಗಿದ್ದವು. ನಾಲ್ಕು ಜನ ಕೋಲು ಹಿಡಿದು ಒದರಾಡುತ್ತಿದ್ದರು. ನಾನು ಕೆಮ್ಮಿ, ಕೂಗಿ, ಗೇಟಿನೊಳಕ್ಕೆ ನಡೆದೆ. ಎಲ್ಲ ನನ್ನ ಹಿಂದೆ ಬಂದವು. ಸಂದಿಯಿಂದ ಈಚೆ ಬಂದೆ. ಗೇಟು ಹಾಕಿದರು.

"ಏನಯ್ಯಾ ಇದು! ಮದುವೆ ದಿಬ್ಬಣದಂಗೆ ಬಂದ್ವಲ್ಲೋ!" ದೊಡ್ಡರಂಗಪ್ಪ ತೊಡೆ ತಟ್ಟಿದ. "ಬಾ, ಎಣಿಸ್ಕ."

"ನೀವೇ ಎಣಿಸ್ಕಳಿ" ಅಂದೆ.

ಮಾಲು ಎಣಿಸದೆ ಕೊಟ್ಟದ್ದು ಜನ್ಮದಲ್ಲಿ ಇದೇ ಮೊದಲು. ಬಿಸಿಲು ಜೋರಿತ್ತು.

ಅವನು ಇನ್ನೊಂದು ಮಾತಾಡಿದ. ಕೆಂದಿಯನ್ನು ಕಡಿಯುವುದಿಲ್ಲವಂತೆ. ನಾನು ಮುಂದೆ, ನನ್ನ ಹಿಂದೆ ಕೆಂದಿ, ಅದರ ಹಿಂದೆ ಯಾವ ಊರಿನ ಬೆದರಿದ ಮಂದೆಯಾದರೂ ಸರಿ, ರೈಲು ಡಬ್ಬಿಯೊಳಕ್ಕೆ. "ಕೋಲಿನೋರು ನಾಲ್ಕು ಜನರ ಕೂಲಿ ನಿನ್ನೊಬ್ಬನಿಗೆ." ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನೂ ಇರಲಿಲ್ಲ.

ಫೆಬ್ರವರಿ ೧೫, ಸೋಮವಾರ. ಮಧುಗಿರಿ

"ಒಳಗೆ ಹಾಸಿದ್ರೂ ಜಗಲೀಲೇ ಬಿದ್ಕಂತೀರಲ್ಲ, ಏನಾಗೈತೆ ನಿಮಗೆ?" ಅಂತ ಹೆಂಡತಿ ಅಶ್ವತ್ಥಮ್ಮ ಕೇಳಿದಳು. ಸೆಕೆ ಅಂದೆ. ಅವಳು ಕಂಬಳಿ ತಂದು ಹೊದಿಸಿದಳು, ಬೇಡ ಅನ್ನಲಿಲ್ಲ.

ವ್ಯವಹಾರ ಮುಗಿಯಿತು. ಯಾರಿಗೆ ಏನು ಬಂತು ಅಂತ ಬರೆದಿಡುತ್ತೇನೆ.

ದೊಡ್ಡರಂಗಪ್ಪನಿಗೆ: ಎಂಬತ್ತೊಂದು ಕುರಿ. ಅದು ಅವನ ಎಣಿಕೆ, ನನ್ನ ಲೆಕ್ಕಕ್ಕಿಂತ ಕಡಿಮೆ.

ಬೋರಯ್ಯನಿಗೆ: ಮಂದೆ ಒಪ್ಪಿಸಿದ ಮಾಮೂಲು ಒಂದು ಮರಿ. ಜೊತೆಗೆ ಅವನ ಕುರಿ ಕಾಯಲು ಮುದ್ದಕ್ಕ, ಬರೀ ಮುದ್ದೆಯ ಮೇಲೆ.

ಮುದ್ದಕ್ಕನಿಗೆ: ಮಂದೆ ತುಳಿದ ಕಂಬಳಿ, ಪದ್ಧತಿಯಂತೆ. ನನ್ನ ಹಣ ಕೊಟ್ಟು ಕಳಿಸಿದ್ದೆ, ವಾಪಸು ಬಂತು.

ಕದರಮ್ಮನಿಗೆ: ಬೋರಯ್ಯನ ಕೊಟ್ಟಿಗೆ.

ಅವ್ವನಿಗೆ: ಒಂದು ವಾರ ಸತ್ತ ಮಗನ ದನಿ.

ಕೆಂದಿಗೆ: ಜೀವ, ಎರಡು ಹೊತ್ತು ಹುರುಳಿ.

ಪಾಲಪ್ಪನಿಗೆ: ಆರಡಿ, ಆಕಾಶದ ಕೆಳಗೆ.

ನನಗೆ: ಕುರಿಯ ಹಣ, ಮತ್ತು ತುಮಕೂರಿನಲ್ಲಿ ಯುದ್ಧ ಮುಗಿಯುವವರೆಗೆ ಕೆಲಸ. ಬಯಲಿನ ಕೆಲಸ, ಮೈಗೆ ಒಳ್ಳೆಯದು.